ಚೀನಾ ಊಟದ ಮನೆಯಲ್ಲಿ ನಮ್ಮ ಮಾಮ

ನಮ್ಮ ಮನೆಯ ಉಪ್ಪಿನ ಭರಣಿಯೊಳಗೆ ಒಂದು ಪಿಂಗಾಣಿ ಚಮಚವಿದೆ. ಬಿಳಿಯದು. ಒಳಗೆ ನೀಲಿಯಲ್ಲಿ ಬರೆದ ಒಂದು ಹೂ. ಹಿಡಿ ಗಿಡ್ಡ, ತಳ ಚಪ್ಪಟೆ. ಮಣೆಯ ಮೇಲಿಟ್ಟರೆ ಪುಟ್ಟ ದೋಣಿಯ ಹಾಗೆ ನೇರವಾಗಿ ಕೂರುತ್ತದೆ. ನನ್ನ ಹೆಂಡತಿ ಮಾದಮ್ಮನಿಗೆ ಇದರ ಮೇಲೆ ಹಳೆಯ ತಕರಾರು. ಒಂದು ಸಲ ಅದ್ದಿದರೆ ಮೂರು ದಿನದ ಉಪ್ಪು ಬರುತ್ತದೆ ಎನ್ನುತ್ತಾಳೆ. ಹಾಗೆಂದು ಬೇರೆ ಚಮಚ ಹಾಕಿಯೂ ಇಲ್ಲ. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾದಾಗ ಚಮಚವನ್ನು ತಂದು ನನ್ನ ಮುಂದೆ ಇಟ್ಟು, "ಇದು ನಿನ್ನ ನೆಂಟ, ನೀನೇ ವಿಚಾರಿಸಿಕೊ" ಅಂದಳು.

ವಿಚಾರಿಸಲು ಹೋಗಿ ನಾನು ಹಳೆಯ ಒಂದು ಮಧ್ಯಾಹ್ನವನ್ನು ನೆನೆಯುತ್ತ ಕುಳಿತುಬಿಟ್ಟೆ. ಅದನ್ನು ನಿಮಗೆ ಹೇಳಬೇಕು ಅನ್ನಿಸಿದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಕೇಳಿದ್ದನ್ನು ಕೇಳಿದ್ದು ಎಂದೇ ಹೇಳುತ್ತೇನೆ. ನಮ್ಮ ಬೆಟ್ಟದ ಮಾತು ನಿಮ್ಮ ಕನ್ನಡಕ್ಕಿಂತ ಸ್ವಲ್ಪ ಬೇರೆ. ಅದನ್ನು ಅರ್ಧ ಇದ್ದ ಹಾಗೆ, ಅರ್ಧ ನಿಮಗೆ ತಿಳಿಯುವ ಹಾಗೆ ಬರೆದಿದ್ದೇನೆ.

ಆಗ ನಾನು ಉದಕಮಂಡಲದ ಒಂದು ಶಾಲೆಯಲ್ಲಿ ಮೇಷ್ಟ್ರು. ಆ ಊರು ಆಗ ಒಂದಲ್ಲ, ಎರಡು. ಮಳೆ ಸುರಿಯುವ, ಹಿಮ ಬೀಳುವ ತಿಂಗಳುಗಳ ಊರು ನಮ್ಮದು. ಬೇಸಗೆ ಬಂತೆಂದರೆ ರೈಲಿನಿಂದ ಪೆಟ್ಟಿಗೆಗಳು, ನಾಯಿಗಳು, ದೊರೆಸಾನಿಯರ ಟೋಪಿಗಳು ಇಳಿಯತೊಡಗುತ್ತಿದ್ದವು. ಊರನ್ನು ನಾವು ಅವರಿಗೆ ಬಿಟ್ಟುಕೊಟ್ಟು ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದೆವು. ಆ ಬೇಸಗೆಯ ಊರಿನಲ್ಲಿ ಎಲ್ಲರ ಬಾಯಲ್ಲಿದ್ದದ್ದು ಲಿಯಾಂಗನ ಊಟದ ಮನೆ. ಏರಿನ ಮೇಲೆ ಕೆಂಪು ಕಂಬಗಳ ಕಟ್ಟಡ, ಬಾಗಿಲ ಎರಡು ಕಡೆ ಕಾಗದದ ದೀಪದ ಬುಟ್ಟಿ, ಗಾಜಿನ ಕಿಟಕಿಯೊಳಗೆ ಗಂಜಿ ಹಾಕಿ ತೀಡಿದ ಮೇಜುಬಟ್ಟೆ. ಕುದುರೆ ಪಂದ್ಯ ಮುಗಿಸಿದ ದೊರೆಗಳು, ಬೆಟ್ಟಕ್ಕೆ ಬಂದ ಜಮೀನ್ದಾರರು ರಿಕ್ಷಾಗಳಲ್ಲಿ ಬಂದಿಳಿಯುತ್ತಿದ್ದರು. ನಾನು ಶಾಲೆಗೆ ಹೋಗುವಾಗ ಅದರ ಮುಂದೆ ನಡಿಗೆಯನ್ನು ಸ್ವಲ್ಪ ನಿಧಾನ ಮಾಡುತ್ತಿದ್ದೆ. ಎಳ್ಳೆಣ್ಣೆಯಲ್ಲಿ ಶುಂಠಿ ಬೀಳುವ ವಾಸನೆ. ಅದು ಪುಕ್ಕಟೆ ಸಿಗುತ್ತಿತ್ತು. ನಮ್ಮ ಜನ ಆ ಮನೆಗೆ ಹೋಗುತ್ತಿರಲಿಲ್ಲ ಅಂತಲ್ಲ. ಆಲೂಗೆಡ್ಡೆ ಮೂಟೆ, ಕೋಸಿನ ಬುಟ್ಟಿ ಹೊತ್ತು ಹಿಂಬಾಗಿಲಿಗೆ ಹೋಗುತ್ತಿದ್ದರು.

ಲಿಯಾಂಗನಿಗೆ ಆಗ ನಲವತ್ತರ ಆಚೆಈಚೆ. ಅಪ್ಪ ಚೀನಾದವನು, ತಾಯಿ ತಮಿಳಿನವಳು, ಹುಟ್ಟಿದ್ದು ನಡುವಟ್ಟದಲ್ಲಿ. ಎಲ್ಲೋ ಬಂದರು ಪಟ್ಟಣದಲ್ಲಿ ವರ್ಷಗಟ್ಟಲೆ ಅಡಿಗೆ ಕಲಿತು ಬಂದಿದ್ದ. ಮುಂದಿನ ಹಾಲಿನಲ್ಲಿ ಇಂಗ್ಲಿಷು, ಅಡಿಗೆಮನೆಯಲ್ಲಿ ತಮಿಳು, ಹಿಂಬಾಗಿಲಲ್ಲಿ ನಮ್ಮ ಮಾತು, ಅಪ್ಪನ ಹತ್ತಿರ ಚೀನೀ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಾಲಿಡುವುದರೊಳಗೆ ಅವನ ನಾಲಿಗೆ ಬದಲಾಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಇಂಗ್ಲಿಷ್ ಮಾತಾಡುವ ಮೊದಲು ಮನಸ್ಸಿನಲ್ಲಿ ಒಮ್ಮೆ ವ್ಯಾಕರಣ ತಿರುವಿಹಾಕುವ ನನ್ನಂಥವನಿಗೆ ಅದು ದೊಡ್ಡ ವಿದ್ಯೆ.

ಅವನ ಅಪ್ಪನನ್ನು ಎಲ್ಲರೂ ಸೊಪ್ಪಿನ ಅಜ್ಜ ಅನ್ನುತ್ತಿದ್ದರು. ಹರೆಯದಲ್ಲಿ ಹಡಗು ಹತ್ತಿ ಬಂದು ನಡುವಟ್ಟದ ಸಿಂಕೋನಾ ತೋಟದಲ್ಲಿ ಜ್ವರದ ಮದ್ದಿನ ತೊಗಟೆ ಸುಲಿಯುವ ಕೆಲಸ ಮಾಡಿದವನು. ಆಮೇಲೆ ಸೊಪ್ಪು ತರಕಾರಿ ಬೆಳೆದು ಊಟಿಗೆ ತರುತ್ತಿದ್ದ. ಅವನ ಕಾಲುದಾರಿ ನಮ್ಮ ಹಟ್ಟಿಯ ಕೆಳಗಿನ ಇಳಿಜಾರಿನಲ್ಲೇ ಹಾದುಹೋಗುತ್ತಿತ್ತು. ಹಟ್ಟಿ ಅಂದರೆ ನಮ್ಮಲ್ಲಿ ಊರು. ನಮ್ಮದು ಹನ್ನೆರಡು ಮನೆಯದು. ಆ ಇಳಿಜಾರು ನನ್ನ ಸೋದರಮಾವನದು. ಹಿಂದೆ ಬೆಟ್ಟ, ಕೆಳಗೆ ತೊರೆ, ನಡುವೆ ಮೆಟ್ಟಿಲಿನ ಹಾಗೆ ಕಡಿದ ಕಿರಿದಾದ ಆಲೂಗೆಡ್ಡೆಯ ಪಟ್ಟಿಗಳು.

ಮಾಮನಿಗೂ ಅಜ್ಜನಿಗೂ ಹಳೆಯ ಗುರುತು. ಇದು ನಾನು ಕೇಳಿದ್ದು. ಮಾಮ ಎಳೆಯನಾಗಿದ್ದಾಗ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಮಸಿನಗುಡಿಯ ಕಡೆ ಕಾಡಿಗಿಳಿದು, ಎಮ್ಮೆಯ ಜೊತೆ ಚಳಿಜ್ವರವನ್ನೂ ಹೊಡೆದುಕೊಂಡು ಬಂದನಂತೆ. ನಾವು ಲಿಂಗ ಕಟ್ಟಿಕೊಂಡವರು. ಹೊರಗಿನವರ ಕೈಯಿಂದ ನೀರೂ ಕುಡಿಯುತ್ತಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಚೀನಾದವನು ತೊಗಟೆಯ ಕಷಾಯ ಕಾಯಿಸಿ ತಂದಾಗ ಹಿರಿಯರೆಲ್ಲ ಬೇಡ ಅಂದರಂತೆ. ಮಾಮ ಎದ್ದು ಕೂತು ಕುಡಿದನಂತೆ. "ಸಾಯೋನು ನಾನು, ಬೇಡ ಅನ್ನೋರು ನೀವಾ?" ಅಂದದ್ದು ಆ ದಿನವೇ ಅಂತ ನನ್ನ ತಾಯಿ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಎಂದಿನಂತೆ ವಾಸನೆ ಹಿಡಿಯುತ್ತ ಹೋಗುವಾಗ ಲಿಯಾಂಗ್ ರಸ್ತೆಗೇ ಬಂದು ನಿಲ್ಲಿಸಿದ. "ವಾದ್ಯಾರೆ, ಅಪ್ಪಗ ಒಂದು ಜಾಗ ಬೇಕು."

"ಇರೋದಕ್ಕಾ?"

"ಇರೋದಕ್ಕೇ. ಆದರೆ ಸತ್ತ ಮೇಲೆ."

ಅವನು ನೆಲ ನೋಡುತ್ತ ಹೇಳಿದ. "ಸುಡುಗಾಡಿನವರು, ನಿಮ್ಮಪ್ಪ ನಮ್ಮ ಜನ ಅಲ್ಲ ಅಂದರು. ಚರ್ಚಿನವರು, ಅವರ ಹೆಸರು ಇಟ್ಟುಕೊಂಡರೆ ಆಗಲಿ ಅಂದರು. ಅಪ್ಪ ಒಪ್ಪೋದಿಲ್ಲೆ. ಈ ವಯಸ್ಸಲ್ಲಿ ಹೊಸ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡೋಕೆ ತಿಳಿಯೋದಿಲ್ಲೆ ಅಂತಾನೆ." ಅವರಲ್ಲಿ ಬೆನ್ನಿಗೆ ಬೆಟ್ಟ, ಕಾಲ ಕಡೆ ನೀರು ಇರುವ ಜಾಗ ಬೇಕಂತೆ. ಅದನ್ನು ಬದುಕಿರುವಾಗಲೇ ಕಣ್ಣಲ್ಲಿ ನೋಡಿಟ್ಟರೆ ಮುದುಕರಿಗೆ ನಿದ್ದೆ ಬರುತ್ತದಂತೆ. ಅಜ್ಜ ಬುಟ್ಟಿ ಹೊತ್ತು ನಡೆದ ದಾರಿಯಲ್ಲೆಲ್ಲ ನೋಡಿ, ಕೊನೆಗೆ ನಮ್ಮ ಮಾಮನ ಇಳಿಜಾರಿನ ಮೇಲೆ ಮನಸ್ಸಿಟ್ಟಿದ್ದ. ಮಾಮನಿಗೆ ಅವರು ಅಯ್ಯ ಅನ್ನುತ್ತಿದ್ದರು. "ಅಯ್ಯನ್ನ ಊಟಗ ಕರೆದು ಕೇಳಬೇಕು. ಕೇಳದೆ ಊಟ ಹಾಕಬಹುದು, ಊಟ ಹಾಕದೆ ಕೇಳಬಾರದು. ನೀವು ಹೇಳಿ."

ಊಟದ ಮಾತು, ಜಾಗದ ಮಾತು ಎರಡನ್ನೂ ನಾನು ಮಾಮನಿಗೆ ಹೇಳಿದೆ. ಮಾಮ ಗೆಡ್ಡೆಯ ಸಾಲಿಗೆ ಮಣ್ಣೇರಿಸುತ್ತಿದ್ದ. ಸಾಲನ್ನು ಕೊನೆಯವರೆಗೆ ಮುಗಿಸಿದ. ಆಮೇಲೆ ಗುದ್ದಲಿಯ ಮಣ್ಣು ಕೆರೆಯುತ್ತ, "ಉಂಬದುಗ ಕರೆದಿದಾನೆಯಾ?" ಅಂದ.

"ಹೂಂ ಮಾಮ. ಮಂಗಳವಾರ."

"ಆತು. ಉಂಡು ನೋಡ್ವ."

ಜಾಗದ ಮಾತನ್ನು ಮಾಮ ಎತ್ತಲಿಲ್ಲ. ಅದು ಸುಲಭದ ಮಾತೂ ಅಲ್ಲ. ಹೊರಗಿನವನ ಹೆಣ ಹಟ್ಟಿಯ ಮಣ್ಣಿಗೆ ಬರುವುದನ್ನು ಉಳಿದ ಹನ್ನೊಂದು ಮನೆಯವರು ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಾಮ ಹಿರಿಯ, ಅವನು ಹೂಂ ಅಂದರೆ ಗೊಣಗಿಕೊಂಡು ಸುಮ್ಮನಾಗುತ್ತಾರೆ, ಇಲ್ಲೆ ಅಂದರೆ ಅಲ್ಲಿಗೆ ಮುಗಿಯಿತು. ಅಲ್ಲಿ ಉಣ್ಣುತ್ತೀಯಾ ಎಂದು ನಾನು ಅನುಮಾನಿಸಿ ಕೇಳಿದೆ. "ಅಪ್ಪನ ಕೈಯ ಕಷಾಯ ಕುಡಿದಾಯ್ತು. ಮಗನ ಕೈಯ ಅನ್ನಗ ಈಗ ಹೆದರಲಾ?" ಅಂದ. "ಅಡಿಗೆ ಮಾತ್ರ ಎಂಗ ಅಡಿಗೆ ಇರಬೇಕು. ಅದನ್ನ ನೀ ನೋಡಿಕೊ."

ಎಂಗ ಅಂದರೆ ನಮ್ಮ. ನಾನು ನೋಡಿಕೊಂಡೆ. ಹೇಗೆ ನೋಡಿಕೊಂಡೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಮಾಂಸ, ಮೀನು, ಮೊಟ್ಟೆ ಯಾವುದೂ ಕೂಡದು, ಅವುಗಳನ್ನು ಮುಟ್ಟಿದ ಬಾಣಲೆಯೂ ಕೂಡದು ಎಂದು ಲಿಯಾಂಗನಿಗೆ ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಹೊಸ ಬಾಣಲೆ ತರುತ್ತೇನೆ ಅಂದ. ಆಮೇಲೆ ಕೇಳಿದ: "ಎಂಗ ಗುಡಿಗಳಲ್ಲಿ ಸನ್ಯಾಸಿಗಳಿಗೆ ಮಾಡುವ ಅಡಿಗೆ ಇದೆ. ಅದು ಆಗುತ್ತಾ?"

"ಗುಡಿಯ ಅಡಿಗೆ ಅಂದ ಮೇಲೆ ಕೇಳುವುದೇನಿದೆ? ಮಾಡು" ಅಂದೆ. ಅದು ಹೇಗಿರುತ್ತದೆ ಎಂದು ಕೇಳಲಿಲ್ಲ. ತಿಳಿಯದ್ದನ್ನು ಕೇಳಬೇಕು ಎಂದು ದಿನಾ ಮೂವತ್ತು ಮಕ್ಕಳಿಗೆ ಹೇಳುವವನು ನಾನು.

ನನ್ನ ಚಿಂತೆಯೆಲ್ಲ ಬೇರೆ ಕಡೆ ಇತ್ತು. ಅಲ್ಲಿ ಎರಡು ಕಡ್ಡಿಯಲ್ಲಿ ಉಣ್ಣಬೇಕಂತೆ. ನಾಲ್ಕು ದಿನ ಮನೆಯಲ್ಲಿ ಎರಡು ಬಿದಿರ ಕಡ್ಡಿ ಹಿಡಿದು ಬೇಯಿಸಿದ ಅವರೆಕಾಳು ಎತ್ತುವುದನ್ನು ಅಭ್ಯಾಸ ಮಾಡಿದೆ. ಕಾಳುಗಳು ಒಲೆಯವರೆಗೂ ಹಾರಿದವು. ಮಾದಮ್ಮ ಗುಡಿಸುತ್ತ, "ಶಿವ ಐದು ಬೆರಳು ಕೊಟ್ಟಿದ್ದ. ಓದಿ ಓದಿ ಎರಡಕ್ಕೆ ಇಳಿದೆಯಾ?" ಅಂದಳು. ಕೊನೆಗೆ ಆ ದಿನ ಲಿಯಾಂಗ್ ನಮ್ಮ ಮುಂದೆ ಪಿಂಗಾಣಿ ಚಮಚಗಳನ್ನೇ ಇಟ್ಟಿದ್ದ. ನಾನು ಕಡ್ಡಿ ಹಿಡಿದು ನನ್ನ ವಿದ್ಯೆ ತೋರಿಸಲು ಹೋಗಿ ಒಂದು ಅಣಬೆಯನ್ನು ತೊಡೆಯ ಮೇಲೆ ಬೀಳಿಸಿಕೊಂಡೆ. ಏಳುವಾಗ ಅವನು ನನ್ನ ಚಮಚವನ್ನು ತೊಳೆದು ಒರೆಸಿ ನನ್ನ ಕೈಗೇ ಕೊಟ್ಟ. ಉಪ್ಪಿನ ಭರಣಿಗೆ ಬಂದದ್ದು ಅದೇ.

ಮಂಗಳವಾರ ಮಾಮ ಬಿಳಿ ಮುಂಡಾಸು, ಅಂಚಿನ ಬಿಳಿ ಹೊದಿಕೆ ಹಾಕಿಕೊಂಡು ಬಂದ. ಬಾಗಿಲಲ್ಲಿ ಕೆಂಪು ಪಟ್ಟಿಯ ಬಡಿಸುವವನು ತಡೆದ. "ಸಾಮಿ, ಗೆಡ್ಡೆ ಮೂಟೆ ಆ ಕಡೆ ಬಾಗಿಲಿಗೆ."

"ಮೂಟೆ ಇಲ್ಲೆ. ಇವತ್ತು ನಾನೇ ಬಂದಿದೇನೆ" ಅಂದ ಮಾಮ. ಲಿಯಾಂಗ್ ಓಡಿ ಬಂದು ಬಾಗಿದ. ಮಾಮ ಚಪ್ಪಲಿ ಹೊರಗೆ ಬಿಟ್ಟು ರತ್ನಗಂಬಳಿಯ ಮೇಲೆ ಬರಿಗಾಲಿಟ್ಟು ಒಂದು ಕ್ಷಣ ನಿಂತ. "ಇವರ ನೆಲಗೂ ಚಳಿಯಾ?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಮೂಲೆಯ ದುಂಡು ಮೇಜಿನ ಹತ್ತಿರ ಅಜ್ಜ ಎದ್ದು ನಿಂತಿದ್ದ. ಒಗೆದೊಗೆದು ತೆಳುವಾದ ನೀಲಿ ಅಂಗಿ. ಕಿವಿ ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು, ಬೆನ್ನು ಮಾತ್ರ ಬಿದಿರಿನ ಹಾಗೆ ಬಾಗಿತ್ತು.

"ಬಂದೆಯಾ ಅಯ್ಯ?"

"ಬಂದೆ ಅಜ್ಜ."

ಅಷ್ಟೇ ಮಾತು. ಕೂತೆವು. ಊಟ ಬಂತು. ನಾನು ಆ ಮೇಲೆ ಮದುವೆ ಮನೆಗಳಲ್ಲಿ ಉಂಡಿದ್ದೇನೆ, ಮಠಗಳಲ್ಲಿ ಉಂಡಿದ್ದೇನೆ. ಅಂಥ ಊಟ ಕಂಡಿಲ್ಲ. ಮೊದಲು ಕೋಸಿನ ತಿಳಿಸಾರು. ಬಟ್ಟಲ ತಳದ ನೀಲಿ ಹೂ ಕಾಣುವಷ್ಟು ತಿಳಿ, ಬಾಯಿಗಿಟ್ಟರೆ ಒಂದು ಇಡೀ ತೋಟದ ರುಚಿ. ಆಮೇಲೆ ಕೂದಲಿನಷ್ಟು ಸಣ್ಣ ಶಾವಿಗೆ, ಶುಂಠಿ ಹಾಕಿದ ಅಣಬೆ, ನಡುಗುವ, ಉಪ್ಪಿಲ್ಲದ ಹುಳಿಯಿಲ್ಲದ ಏನೋ ಒಂದು ಬಿಳಿ ತುಂಡು; ಕಾಳಿನ ಹಾಲು ಒಡೆಸಿ ಮಾಡಿದ ಗಿಣ್ಣು ಎಂದು ಲಿಯಾಂಗ್ ಹೇಳಿದ. ಹಾಲೂ ಸಕ್ಕರೆಯೂ ಇಲ್ಲದ ಚಹ ಕುಡಿದು ಮಾಮ, "ಬಿಸಿನೀರಿಗ ಹೂವಿನ ಸುದ್ದಿ ಹೇಳಿದಾರೆ" ಅಂದ. ಹಾಗೆಂದು ಬಟ್ಟಲು ಖಾಲಿ ಮಾಡಿದ.

ಮಾಮನ ಪದ್ಧತಿ ಹೀಗೆ. ಪ್ರತಿ ಪದಾರ್ಥ ಬಂದಾಗಲೂ ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು, ಅದಕ್ಕೆ ತೋರಿಸಿ, ಆಮೇಲೆ ಉಣ್ಣುತ್ತಿದ್ದ. ಪಕ್ಕದ ಮೇಜಿನ ದೊರೆಸಾನಿ ಚಮಚ ಹಿಡಿದುಕೊಂಡೇ ನೋಡತೊಡಗಿದಳು. ಲಿಯಾಂಗ್ ಬಿದಿರು ಮತ್ತು ಕೊಕ್ಕರೆ ಬರೆದ ಒಂದು ಮಡಿಸುವ ಪರದೆಯನ್ನು ತಂದು ನಡುವೆ ನಿಲ್ಲಿಸಿ, ಗಾಳಿ ಬರುತ್ತಿತ್ತು ಅನ್ನುವ ಹಾಗೆ ಅದನ್ನು ಸರಿಪಡಿಸಿ ಹೋದ. ಮರ್ಯಾದೆ ಎಂಬ ಮಾತನ್ನು ನಾನು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅಂದು ಕಂಡೆ.

ಆಮೇಲೆ ಅವನು ಒಂದು ಉದ್ದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದ. ತಾನೇ ತಂದ. ಮೇಜಿನ ನಡುವೆ ಇಟ್ಟ.

ಅದರಲ್ಲಿ ಒಂದು ಮೀನಿತ್ತು.

ಮೊಳದುದ್ದ. ಒಂದರ ಮೇಲೊಂದು ಕೂತ ಹುರುಪೆಗಳು, ಎತ್ತಿದ ಬಾಲ, ಚೂರೇ ತೆರೆದ ಬಾಯಿ, ಕಪ್ಪು ಕಣ್ಣು. ಸುತ್ತ ಕೆಂಪು ರಸ. ಹಬೆ ಏಳುತ್ತಿತ್ತು. ಮಾಮನ ಎಡಗೈಯಲ್ಲಿ ಲಿಂಗವಿತ್ತು. ಆ ಕೈ ನಿಧಾನವಾಗಿ ಮುಚ್ಚಿಕೊಂಡಿತು. ಅವನು ಏಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಲಿಯಾಂಗ್ ಹೊಗಳಿಕೆಗೆ ಕಾಯುತ್ತ ನಗುತ್ತಿದ್ದ. ಆ ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ.

"ಇದೇನು ಮಾಡಿದೆ ಲಿಯಾಂಗ್?" ಅಂದೆ.

"ಗುಡಿಯ ಅಡಿಗೆ, ವಾದ್ಯಾರೆ. ನೀವೇ ಮಾಡು ಅಂದದ್ದು." ಅವನ ದನಿ ಸಣ್ಣಗಾಗಿತ್ತು. "ದೊಡ್ಡವರಿಂದ ಏನಾದರೂ ಕೇಳುವಾಗ ಮೀನಿಲ್ಲದ ಊಟ ಹಾಕಿದರೆ ಅವಮಾನ. ಅಯ್ಯ ಮೀನು ಮುಟ್ಟೋದಿಲ್ಲೆ. ಅದಕ್ಕೇ ಗೆಡ್ಡೆಯಲ್ಲಿ ಮಾಡಿದೆ. ಅಯ್ಯನ ಹೊಲದ್ದೇ ಗೆಡ್ಡೆ. ಹುರುಪೆ ಎಲ್ಲಾ ಗಜ್ಜರಿ."

ಮಾಮ ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ. "ಗೆಡ್ಡೆಯೇ ಇರಬೇಕು. ನೀ ಸುಳ್ಳು ಹೇಳೋನಲ್ಲ" ಅಂದ. ಆಮೇಲೆ ಮುಚ್ಚಿದ ಎಡಗೈಯನ್ನು ಸ್ವಲ್ಪ ಎತ್ತಿದ. "ಆದರೆ ಇದರೊಳಗೆ ಇರೋದು ಏನ? ಕಲ್ಲು. ಈ ರೂಪ ಬಂದ ಮೇಲೆ ಎನಗ ಅದು ಕಲ್ಲಲ್ಲ. ಈ ಕೈಯಲ್ಲಿ ರೂಪಗ ತಲೆ ಬಾಗಿ, ಆ ತಟ್ಟೆಯಲ್ಲಿ ರೂಪ ಲೆಕ್ಕಗ ಇಲ್ಲೆ ಅಂತ ಹೇಗೆ ಹೇಳಲಿ? ಇದಕ್ಕೆ ಅದನ್ನ ಹೇಗೆ ತೋರಿಸಲಿ?"

ಈ ಊಟ ಇಲ್ಲಿಗೆ ಮುಗಿದರೆ ಆ ಮುದುಕನಿಗೆ ನೆಲವಿಲ್ಲ, ಅದಕ್ಕೆ ಕಾರಣ ನಾನು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಅಜ್ಜ ಕಡ್ಡಿಗಳನ್ನು ಎತ್ತಿಕೊಂಡು ಮೀನಿನ ಕಣ್ಣನ್ನು ಕಿತ್ತ. ಮೆಣಸಿನ ಕಾಳು. ಬಾಯಿಗೆ ಹಾಕಿಕೊಂಡು ಕಡಿದ. ಕಡ್ಡಿ ಇಟ್ಟು ಚಮಚ ಹಿಡಿದು, ಅದರ ಬೆನ್ನಿನಿಂದ ಬಾಲವನ್ನು ಒತ್ತಿದ. ಆಮೇಲೆ ಹೊಟ್ಟೆ. ಆಮೇಲೆ ಕಿವಿರು. ಕೊನೆಗೆ ಬಾಯಿ. ನಾಲ್ಕು ಸಲ ಒತ್ತಿದ್ದು, ನಾನು ಎಣಿಸಿದ್ದೇನೆ. ತಟ್ಟೆಯಲ್ಲಿ ಕಿವುಚಿದ ಗೆಡ್ಡೆಯ ಒಂದು ಗುಡ್ಡೆ ಉಳಿಯಿತು.

ನಾನು ಲಿಯಾಂಗನ ಮುಖ ನೋಡಿದೆ. ನೋಡಬಾರದಿತ್ತು. ಅವನು ಸೂರ್ಯ ಹುಟ್ಟುವ ಮೊದಲೇ ಎದ್ದು ಆ ಒಂದು ತಟ್ಟೆಗೆ ಕೂತಿದ್ದನೆಂದು ಅಡಿಗೆಯವರು ಆಮೇಲೆ ಹೇಳಿದರು. ಒಂದೊಂದು ಹುರುಪೆಯನ್ನೂ ಬೇರೆಬೇರೆ ಹೆಚ್ಚಿದ್ದನಂತೆ. ಅವನು ಕೈ ಕಟ್ಟಿಕೊಂಡು ನಿಂತೇ ಇದ್ದ. ಅಜ್ಜ ತಲೆ ಎತ್ತದೆ ಅವನಿಗೆ ಚೀನೀಯಲ್ಲಿ ಒಂದೆರಡು ಮಾತು ಹೇಳಿದ. ಏನು ಹೇಳಿದ್ದು ಎಂದು ನಾನು ಬೇರೆ ದಿನ ಕೇಳಿದೆ. "ಚೆನ್ನಾಗಿತ್ತು ಅಂದ" ಎಂದ ಲಿಯಾಂಗ್. "ಎನ್ನ ಅಡಿಗೆಗ ಅಪ್ಪ ಹಾಗೆ ಅಂದದ್ದು ಅದೊಂದೇ ಸಲ."

ಮಾಮ ಮುಷ್ಟಿ ಬಿಚ್ಚಿದ. ಗುಡ್ಡೆಯನ್ನು ಲಿಂಗಕ್ಕೆ ತೋರಿಸಿದ. ಚಮಚ ಬಿಟ್ಟು ಕೈಯಲ್ಲೇ ತೆಗೆದುಕೊಂಡು ಉಂಡ. ಮಧ್ಯೆ ಏನೋ ಕಟುಂ ಎಂದಿತು. ಬಾಯಿಂದ ತೆಗೆದು ನೋಡಿದ. ಸೂಜಿಯಷ್ಟು ಸಣ್ಣ ಬಿಳಿ ಎಳೆ.

"ಇದೇನ?"

"ಮೂಲಂಗಿ, ಅಯ್ಯ" ಅಂದ ಲಿಯಾಂಗ್. ಸ್ವಲ್ಪ ತಡೆದು, "ಮುಳ್ಳು" ಅಂದ.

"ಒಳಗೆ ಮುಳ್ಳೂ ಇಟ್ಟಿದ್ದೆಯಾ?"

"ಇಲ್ಲದಿದ್ದರೆ ಮೀನಾಗೋದಿಲ್ಲೆ."

"ಯಾರೂ ನೋಡದ ಕಡೆಗ?"

"ಎನಗ ಗೊತ್ತಿರುತ್ತಲ್ಲ, ಅಯ್ಯ."

ಮಾಮ ಆ ಎಳೆಯನ್ನು ಮತ್ತೆ ಬಾಯಿಗಿಟ್ಟುಕೊಂಡು ಅಗಿದ. ಅವನು ಯಾರನ್ನೂ ಸುಲಭಕ್ಕೆ ಹೊಗಳಿದವನಲ್ಲ, ಅಂದೂ ಹೊಗಳಲಿಲ್ಲ. ಆದರೆ ತಟ್ಟೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ಹಿರಿಯರ ಕ್ರಮದಂತೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದ. ಹೊದಿಕೆಯ ಅಂಚಿನಲ್ಲಿ ಬಾಯಿ ಒರೆಸಿಕೊಂಡ. ಲಿಯಾಂಗ್ ಏನೋ ಹೇಳಲು ಹೊರಟಾಗ ಕೈ ಎತ್ತಿ ತಡೆದು ಅಜ್ಜನ ಕಡೆ ತಿರುಗಿದ.

"ಅಜ್ಜ, ನಿಮ್ಮವರಲ್ಲಿ ಹೆಣ ಕೂರಿಸೋದಾ, ಮಲಗಿಸೋದಾ?"

ನಿಮಗೆ ಹೇಳಬೇಕು: ಲಿಂಗ ಕಟ್ಟಿಕೊಂಡ ನಾವು ಸತ್ತವರನ್ನು ಕೂರಿಸಿ ಹೂಳುತ್ತೇವೆ. ನಮ್ಮ ಗುಂಡಿ ಆಳ, ಉದ್ದವಲ್ಲ.

"ಮಲಗಿಸೋದು" ಅಂದ ಅಜ್ಜ.

ಮಾಮ ಲೆಕ್ಕ ಹಾಕುವವನ ಹಾಗೆ ಕಿಟಕಿಯ ಕಡೆ ನೋಡಿದ. "ಹಾಗಾದರೆ ತೊರೆಯ ಹತ್ತಿರದ ಪಟ್ಟಿ ಸಾಲದು. ಅದು ಅಗಲ ಇಲ್ಲೆ, ಕಾಲು ಹೊರಗೆ ಬಂದೀತು. ಮೇಲಿನದು ಬೇಕು."

ಅಜ್ಜ ಚಮಚವನ್ನು ಮೇಜಿನ ಮೇಲಿಟ್ಟ. "ಮೇಲಿನದರಲ್ಲಿ ನಿನ್ನ ಗೆಡ್ಡೆ ಇದೆಯಲ್ಲ ಅಯ್ಯ."

"ಅದನ್ನ ಕೀಳೋವರೆಗೂ ಇರು."

"ಇರ್ತೇನೆ" ಅಂದ ಅಜ್ಜ.

ಹಟ್ಟಿಯಲ್ಲಿ ಗಲಾಟೆ ಆಗದೆ ಇರಲಿಲ್ಲ. ಮಾಮನದು ಒಂದೇ ಉತ್ತರ: "ಅಜ್ಜ ಇನ್ನೂ ಇದಾನೆ. ಗೆಡ್ಡೆಯೂ ನೆಲದಲ್ಲಿದೆ. ಈಗೇನ ಜಗಳ?" ಆ ಬೆಳೆ ಕಿತ್ತ ವಾರವೇ ಮಾಮ ಅದೇ ಪಟ್ಟಿಗೆ ಮತ್ತೆ ಬೀಜ ಹಾಕಿದ. ನೆಲಕ್ಕೆ ಬಿಡುವು ಕೊಡದೆ ಹೀಗೆ ಹಾಕಿದರೆ ಇಳುವರಿ ಇರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ತಿಳಿದವರು ಆ ಬೆಟ್ಟದಲ್ಲಿ ಇರಲಿಲ್ಲ. ಆದರೂ ಹಾಕಿದ. ಅಜ್ಜ ಕೋಲೂರಿಕೊಂಡು ಬಂದು ಬದುವಿನ ಮೇಲೆ ಕೂತು, "ಕಿತ್ತೆಯಾ?" ಎಂದು ಕೇಳುತ್ತಿದ್ದ. "ಕಿತ್ತೆ. ಮತ್ತೆ ಹಾಕಿದೇನೆ" ಎನ್ನುತ್ತಿದ್ದ ಮಾಮ. ಇಬ್ಬರೂ ನಗುತ್ತಿರಲಿಲ್ಲ. ಹೀಗೆ ಎಂಟು ಬೆಳೆ ನಡೆಯಿತು.

ಒಂಬತ್ತನೆಯದು ಹೂ ಬಿಟ್ಟಿದ್ದಾಗ ಲಿಯಾಂಗ್ ಒಬ್ಬನೇ ಹಟ್ಟಿಗೆ ಬಂದ. ನಾನು ರಜೆಗೆ ಬಂದವನು ಅಲ್ಲೇ ಇದ್ದೆ. ಮಾಮ ಅವನ ಮುಖ ನೋಡಿ ಏನೂ ಕೇಳದೆ ಒಳಗಿನಿಂದ ಗುದ್ದಲಿ ತಂದ. ಗಿಡ ಸೊಂಟದವರೆಗೆ ಬೆಳೆದಿತ್ತು, ಪಟ್ಟಿಯ ತುಂಬ ಬಿಳಿ ಹೂ. ಬುಡದಲ್ಲಿ ಗೆಡ್ಡೆ ಇನ್ನೂ ಗೋಲಿಯಷ್ಟೇ ಇತ್ತು. ಒಬ್ಬನ ಉದ್ದಕ್ಕೆ ಬೇಕಾದಷ್ಟು ಕಿತ್ತರೆ ಸಾಕು, ಉಳಿದದ್ದು ಬಲಿಯಲಿ ಎಂದು ಯಾರೋ ಮೇಲಿನಿಂದ ಕೂಗಿದರು. "ಕೀಳೋವರೆಗೂ ಇರು ಅಂತ ಹೇಳಿದ್ದು ನಾನು" ಅಂದ ಮಾಮ. ಈ ತುದಿಯಿಂದ ಆ ತುದಿಯವರೆಗೆ, ಒಂದು ಗಿಡವನ್ನೂ ಬಿಡದೆ, ಪಟ್ಟಿಯನ್ನೆಲ್ಲ ಕಿತ್ತ.